ಹತ್ತು ನಿಮಿಷ ಐಡಲ್ ಬಿಟ್ಟರೂ ಇಂಜಿನ್ ಬಿಸಿಯಾಗ್ತಿಲ್ಲ, ಘಾಟಿಯಲ್ಲಿ ಎಳೆಯೋದೇ ಇಲ್ಲ

ಘಾಟಿಸವಾರ: ಸಾಕಾಗಿ ಹೋಗಿದೆ ಗುರುಗಳೇ. ಬೆಳಿಗ್ಗೆ 10 ನಿಮಿಷ ಸ್ಟಾರ್ಟ್‌ನಲ್ಲೇ ಬಿಡ್ತೀನಿ, ಆದರೂ ಟೆಂಪರೇಚರ್ ಮುಳ್ಳು ಕಾಲು ಭಾಗ ದಾಟಲ್ಲ. ಸಂಪಾಜೆ ಬಿಟ್ಟು ಮಡಿಕೇರಿ ಕಡೆ ಏರು ಶುರುವಾದರೆ ಪಿಕಪ್ಪೇ ಇಲ್ಲ. ಇಂಜಿನ್ ಕಂಡಿಷನ್ ಚೆನ್ನಾಗೇ ಇದೆ; ಆಯಿಲ್ ತೊಟ್ಟೂ ಕುಡಿದಿಲ್ಲ, ಮ್ಯಾಕ್ಸ್ ಗೆರೆಗಿಂತ ಮೇಲೇ ಇದೆ. ಇನ್ನೂ ಎಷ್ಟು ಹೊತ್ತು ಬಿಸಿ ಮಾಡ್ಬೇಕು?

ಎಣ್ಣೆಪ್ರಿಯ: 15ಡಬ್ಲ್ಯೂ-40 ದಪ್ಪ ಆಯಿಲ್ ಹಾಕಿಸಿದ್ದೀರಾ? ಅದೇ ಕಾರಣ. 5ಡಬ್ಲ್ಯೂ-30 ಸಿಂಥೆಟಿಕ್ ಹಾಕಿ.

ಬೋಲ್ಟುನಟ್ಟು: ಗಾಡಿ ಯಾವುದು ಅಂತಲೇ ಗೊತ್ತಿಲ್ಲ, ಆಗಲೇ ಆಯಿಲ್ ಬದಲಾಯಿಸಿಬಿಟ್ರಾ? ಪೆಟ್ರೋಲಾ ಡೀಸೆಲ್ಲಾ? ಇಳಿಯುವಾಗ ಮುಳ್ಳು ಏನಾಗುತ್ತೆ?

ಘಾಟಿಸವಾರ: ಡೀಸೆಲ್ ಅಲ್ಲದೆ ಇನ್ನೇನು ಸಾರ್! 1.5, ಬಿಎಸ್6. ಇಳಿಯುವಾಗ ಮುಳ್ಳು ಪೂರ್ತಿ ಕೆಳಗೆ ಬೀಳುತ್ತೆ. ಹೀಟರ್‌ನಲ್ಲೂ ಉಗುರುಬೆಚ್ಚಗಿನ ಗಾಳಿಯೇ.

ಎಣ್ಣೆಪ್ರಿಯ: ದಪ್ಪ ಆಯಿಲ್ ಚಳಿಗೆ ಗಟ್ಟಿಯಾಗುತ್ತೆ, ಎಳೆಯೋದು ಹೇಗೆ?

ಬೋಲ್ಟುನಟ್ಟು: ಸಂಪಾಜೆಯಲ್ಲಿ ಎಲ್ಲಿಯ ಚಳಿ ಮಾರಾಯ್ರೆ! 15ಡಬ್ಲ್ಯೂಗೆ ಕ್ರ್ಯಾಂಕಿಂಗ್ ಟೆಸ್ಟ್ (ಚಳಿಯಲ್ಲಿ ಇಂಜಿನ್ ತಿರುಗುತ್ತಾ ಅನ್ನೋ ಪರೀಕ್ಷೆ) ಮಾಡೋದೇ ಮೈನಸ್ 20 ಡಿಗ್ರಿಯಲ್ಲಿ. ಇದು ಥರ್ಮೋಸ್ಟಾಟ್, ಅಂದ್ರೆ ಇಂಜಿನ್ ಬಿಸಿಯಾಗೋ ತನಕ ಕೂಲೆಂಟನ್ನ (ತಂಪು ಮಾಡೋ ದ್ರವ) ರೇಡಿಯೇಟರ್‌ಗೆ ಬಿಡದ ವಾಲ್ವ್, ತೆರೆದೇ ಸಿಕ್ಕಿಹಾಕಿಕೊಂಡಿರೋ ಲಕ್ಷಣ. ಪರೀಕ್ಷೆ ಸುಲಭ: ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಮಾಡಿ, ಫ್ಯಾನು ಬೆಲ್ಟುಗಳಿಂದ ಕೈ ದೂರ ಇಟ್ಟು ರೇಡಿಯೇಟರ್‌ನ ಮೇಲಿನ ಹೋಸ್ ಮುಟ್ಟಿ. ಸರಿ ಇದ್ದರೆ ಕೂಲೆಂಟ್ 80 ಡಿಗ್ರಿ ಮೇಲೆ ಹೋಗುವ ತನಕ ಹೋಸ್ ಹೆಚ್ಚು ಕಮ್ಮಿ ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಸುಡುತ್ತೆ. ಮೊದಲಿಂದಲೇ ನಿಧಾನಕ್ಕೆ ಬೆಚ್ಚಗಾದರೆ ಥರ್ಮೋಸ್ಟಾಟ್ ಹೋಗಿದೆ. ಬ್ಲೂಟೂತ್ ಓಬಿಡಿ (ಗಾಡಿಯ ದೋಷದ ಕೋಡ್ ಓದೋ ಸ್ಕ್ಯಾನರ್) ಇದ್ದರೆ ಪಿ0128, ಅಂದ್ರೆ ಕೂಲೆಂಟ್ ಬೇಕಾದಷ್ಟು ಬಿಸಿಯಾಗ್ತಿಲ್ಲ ಅನ್ನೋ ಕೋಡ್ ಹುಡುಕಿ.

ಡೀಸೆಲ್ ಐಡಲ್‌ನಲ್ಲಿ ಉರಿಯೋದೇ ಚೂರು ಇಂಧನ, ಒಳಗೆ ಹೋಗೋ ಗಾಳಿ ಮಾತ್ರ ರಾಶಿ. ಅರ್ಧ ಗಂಟೆ ನಿಲ್ಲಿಸಿದರೂ ನೆಟ್ಟಗೆ ಬಿಸಿಯಾಗಲ್ಲ. 30 ಸೆಕೆಂಡ್ ಬಿಟ್ಟು ಹೊರಡಿ, 2000 ಆರ್‌ಪಿಎಂ ಆಸುಪಾಸು, ಅರ್ಧ ಆಕ್ಸಿಲರೇಟರ್. ಮನೆ ಬಿಟ್ಟ ಕೂಡಲೇ ಏರಾದರೆ ಎರಡನೇ ಗೇರಲ್ಲೇ ಏರಿಸಿ. ನಾಲ್ಕರಲ್ಲಿ ಮುಕ್ಕರಿಸೋ ಹಾಗೆ ಎಳೆಸಿದರೆ ಬೇರಿಂಗ್‌ಗೆ ಪೆಟ್ಟು. ಮುಳ್ಳು ನಡುವೆ ಬಂದರೂ ಆಯಿಲ್‌ನ ಬಿಸಿ ಇನ್ನೂ ಹಿಂದೆಯೇ ಇರುತ್ತೆ, ಮತ್ತೆ 5-10 ನಿಮಿಷ ಓಡಿಸಿಯೇ ಜೋರಾಗಿ ಒತ್ತಿ.

ಟರ್ಬೋಭಟ್ಟ: ನನ್ನ ಪೆಟ್ರೋಲ್ ಟರ್ಬೋದಲ್ಲಿ ಸಂಪ್‌ಗೇ (ಇಂಜಿನ್ ತಳದ ಆಯಿಲ್ ತೊಟ್ಟಿ) ಸೆನ್ಸರ್ ಹಾಕಿದೀನಿ, 52 ಮಿಮೀ ಗೇಜ್, ಎ-ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಪಾಡ್. ಆಯಿಲ್ 80 ಡಿಗ್ರಿ ಆಗೋ ತನಕ ಟರ್ಬೋ ಬೂಸ್ಟ್ ಬರೋಷ್ಟು ಒತ್ತಲ್ಲ. ಫೋಟೋ ಹಾಕ್ಲಾ?

ಬೋಲ್ಟುನಟ್ಟು: ಬೇರೆ ಥ್ರೆಡ್ ಮಾಡಿ ಭಟ್ರೇ.

ಡಿಪ್‌ಸ್ಟಿಕ್: ಎಲ್ಲರೂ ಮೊದಲ ಪೋಸ್ಟ್ ಇನ್ನೊಮ್ಮೆ ಓದಿ. ಆಯಿಲ್ ಮ್ಯಾಕ್ಸ್‌ಗಿಂತ ಮೇಲಿದೆಯಂತೆ! ಕುಡಿಯದಿರೋದು ಸರಿ, ಮೇಲೇರೋದು ಹೇಗೆ? ಕೂಲೆಂಟ್ ಬಿಸಿಯಾಗದೆ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ರೀಜನರೇಷನ್, ಅಂದ್ರೆ ಆ ಮಸಿ ಸುಡೋ ಕೆಲಸ, ಪೂರ್ತಿಯಾಗ್ತಿಲ್ಲ. ಅದಕ್ಕೆಂದು ಸಿಂಪಡಿಸಿದ ಡೀಸೆಲ್ ಸಿಲಿಂಡರ್ ಗೋಡೆ ಇಳಿದು ಸಂಪ್ ಸೇರ್ತಿದೆ. ಫಿಲ್ಟರ್ ಮಸಿಯಿಂದ ಕಟ್ಟಿಕೊಂಡಿದೆ, ಪಿಕಪ್ ಹೋಗಿದ್ದು ಅದಕ್ಕೇ ಇರಬೇಕು. ಆಯಿಲ್ ಅಳೆಯೋ ಕಡ್ಡಿ ಮೂಸಿ ನೋಡಿ, ಡೀಸೆಲ್ ವಾಸನೆ ಬಂದರೆ ಗಾಡಿ ಏರಿಗೆ ಒಯ್ಯಲೇಬೇಡಿ. ಆಯಿಲ್ ಅಷ್ಟು ಮೇಲಿರುವಾಗ ಸ್ಕ್ಯಾನರ್‌ನಲ್ಲಿ ರೀಜನರೇಷನ್ ಕೊಡೋದೂ ಬೇಡ, ಬ್ರೀದರ್ (ಇಂಜಿನ್ ಒಳಗಿನ ಆವಿ ಹೋಗೋ ಪೈಪ್) ಮೂಲಕ ಗಾಳಿ ಎಳೆಯೋ ಇಂಟೇಕ್‌ಗೆ ಆಯಿಲ್ ನುಗ್ಗಿದರೆ ಅದೇ ಉರಿದು, ಕೀ ಆಫ್ ಮಾಡಿದರೂ ಇಂಜಿನ್ ನಿಲ್ಲಲ್ಲ.

ಎಣ್ಣೆಪ್ರಿಯ: ಹಾಗಾದರೆ ಆಯಿಲೇ ಸಮಸ್ಯೆ ತಾನೆ!

ಡಿಪ್‌ಸ್ಟಿಕ್: ಅಲ್ಲ ಸ್ವಾಮಿ, ಆಯಿಲ್ ಕೊನೆಯ ಬಲಿಪಶು. ಬದಲಾಯಿಸುವಾಗ ಮ್ಯಾನ್ಯುಯಲ್ ನೋಡಿ ಉರಿದಾಗ ಬೂದಿ ಕಡಿಮೆ ಬಿಡೋ ಸಿ2 ಅಥವಾ ಸಿ3 ದರ್ಜೆಯದ್ದೇ ಹಾಕಬೇಕು, ಅಷ್ಟು ಒಪ್ತೀನಿ.

ಘಾಟಿಸವಾರ: ಪಿ0128 ಬಂತು. ಕಡ್ಡಿ ಡೀಸೆಲ್ ನಾರ್ತಿದೆ. ಇಲ್ಲಿನ ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದೇ ಓಡಿಸಿ ಅಂತಾನೆ.

ಬೋಲ್ಟುನಟ್ಟು: ತೆಗೆದರೆ ಈಗಿರೋ ಕಾಯಿಲೆಯೇ ಕಾಯಂ. ಹೊಸದು ಹಾಕ್ಸಿ, ಓ-ರಿಂಗ್ ಸಮೇತ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ 50:50, ಹೀಟರ್ ಫುಲ್ ಬಿಸಿಗಿಟ್ಟು ಕೂಲೆಂಟ್‌ನಲ್ಲಿ ಸಿಕ್ಕಿಕೊಂಡ ಗಾಳಿ ಹೊರಗೆ ಹಾಕಿಸಿ. ಬಿಸಿ ಇರುವಾಗ ಕೂಲೆಂಟ್ ಕ್ಯಾಪ್ ತೆಗೆಯಬಾರದು. ಹೊಸ ಆಯಿಲ್, ಆಯಿಲ್ ಫಿಲ್ಟರ್ ಆದ ಮೇಲೆಯೇ ರೀಜನರೇಷನ್.

ಟರ್ಬೋಭಟ್ಟ: ಹಳೇ ಗೇಜ್ ಒಂದು ಮಾರಾಟಕ್ಕಿದೆ, ಸೆನ್ಸರ್ ಅಡಾಪ್ಟರ್ ಫ್ರೀ. ಬೇಕಾದವರು ಮೆಸೇಜ್ ಮಾಡಿ.