ಸಹಾಯ ಬೇಕು: ಬೀಳ್ತಾ ಇದ್ದರೂ ನೆಲ ಮುಟ್ಟದ್ದು ಹೇಗೆ?

ನಮಸ್ಕಾರ. ನಾವು ಬದಿಯಡ್ಕದವರು. ಮಗಳು ಮೂರನೇ ಕ್ಲಾಸು, ಕನ್ನಡ ಮೀಡಿಯಂ. ಗಗನಯಾತ್ರಿಗಳು ತೇಲುವ ವಿಡಿಯೋ ನೋಡಿ, "ಅಲ್ಲಿ ಭೂಮಿ ಎಳೆಯೋದಿಲ್ವಾ ಅಪ್ಪಾ?" ಅಂತ ಕೇಳಿದಳು. ಎಳೆಯುತ್ತದೆ, ಅಂತರಿಕ್ಷ ನಿಲ್ದಾಣ ಇರುವ 400 ಕಿ.ಮೀ. ಎತ್ತರದಲ್ಲೂ ಇಲ್ಲಿನ ಸೆಳೆತದ ಸುಮಾರು ಶೇ. 90ರಷ್ಟು ಇದೆ ಎಂದೆ. ನಿಲ್ದಾಣವೂ ಒಳಗಿನವರೂ ಒಟ್ಟಿಗೆ ಬೀಳುತ್ತಲೇ ಇರುತ್ತಾರೆ, ಅದಕ್ಕೇ ತೇಲಿದ ಹಾಗೆ ಕಾಣುತ್ತದೆ ಅಂತಲೂ ಹೇಳಿದೆ.

"ಹಾಗಾದ್ರೆ ನೆಲಕ್ಕೆ ಯಾಕೆ ಬೀಳೋದಿಲ್ಲ?"

ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ! ನಿಲ್ದಾಣ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಅಡ್ಡಕ್ಕೆ ಓಡುತ್ತದೆ, ಅದು ಬಿದ್ದಷ್ಟೂ ಕೆಳಗೆ ಭೂಮಿ ಬಾಗುತ್ತಾ ಹೋಗುತ್ತದೆ. ಇದು ಅವಳಿಗೆ ಅರ್ಥವಾಗುತ್ತಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ತಿರುಗಿಸಿದರೆ "ಅಲ್ಲಿ ಹಗ್ಗ ಎಲ್ಲಿದೆ?" ಅನ್ನುತ್ತಾಳೆ. ಅಂಗಳದಲ್ಲೇ ಮಾಡಿ ತೋರಿಸುವ ಬೇರೆ ಪ್ರಯೋಗ ಇದ್ದರೆ ದಯವಿಟ್ಟು ತಿಳಿಸಿ. ಟೀಚರುಗಳು ಇದ್ದರೆ ಇನ್ನೂ ಒಳ್ಳೆಯದು. ಕನ್ನಡದ ವಿಡಿಯೋ ಆದರೂ ಆಗಬಹುದು.