ಪದಚರ್ಚೆ: ‘ಹೆಲ್ಪ್ ವಾಂಟೆಡ್’, ‘ಗುಡ್ ಫಸ್ಟ್ ಇಶ್ಯೂ’ ಇವಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ನಾವು ನಾಲ್ಕೈದು ಜನ ಸೇರಿ ಕನ್ನಡದ ಕಾಗುಣಿತ ತಪ್ಪು ಹುಡುಕುವ ಒಂದು ಸಣ್ಣ ಮುಕ್ತ ತಂತ್ರಾಂಶ ಮಾಡುತ್ತಿದ್ದೇವೆ. ಕೋಡ್ ಗಿಟ್‌ಹಬ್‌ನಲ್ಲಿದೆ (ಕೋಡ್ ಇಟ್ಟು ಹಲವರು ಸೇರಿ ಕೆಲಸ ಮಾಡುವ ಜಾಲತಾಣ). ಅಲ್ಲಿ ಯಾರಾದರೂ ಬರೆದು ಹಾಕುವ ದೂರು, ಬೇಡಿಕೆಗೆ ‘ಇಶ್ಯೂ’ ಅನ್ನುತ್ತಾರೆ. ಅದು ಎಂಥದ್ದು ಅಂತ ತೋರಿಸಲು ಅಂಟಿಸುವ ಚೀಟಿಯೇ ಲೇಬಲ್. ಮೇಷ್ಟ್ರುಗಳು, ಕರಡು ತಿದ್ದುವವರೂ ಬರಲಿ ಅಂತ ಲೇಬಲ್‌ಗಳನ್ನು ಕನ್ನಡಕ್ಕೆ ತರಲು ಹೊರಟೆವು. ಎರಡರ ಹತ್ತಿರ ಸಿಕ್ಕಿಕೊಂಡಿದ್ದೇವೆ.

ಗಿಟ್‌ಹಬ್‌ನಲ್ಲಿ ಹೊಸ ರೆಪೊ (ಒಂದು ಯೋಜನೆಯ ಕೋಡ್ ಇಡುವ ಜಾಗ) ತೆರೆದರೆ 9 ಲೇಬಲ್ ತಾವಾಗಿಯೇ ಬರುತ್ತವೆ. ಅವುಗಳಲ್ಲಿ ಈ ಎರಡು ಹೊರಗಿನವರನ್ನು ಕರೆಯುವಂಥವು. ಆದರೆ ಕರೆಯುವ ರೀತಿ ಬೇರೆ. ‘ಹೆಲ್ಪ್ ವಾಂಟೆಡ್’ ಅಂದರೆ ಈ ಕೆಲಸ ನಮ್ಮ ಕೈಲಿ ಆಗುತ್ತಿಲ್ಲ, ಬಲ್ಲವರು ತೆಗೆದುಕೊಳ್ಳಿ ಅಂತ. ‘ಗುಡ್ ಫಸ್ಟ್ ಇಶ್ಯೂ’ ಅಂದರೆ ಇದು ಚಿಕ್ಕದು, ಮೊದಲ ಸಲ ಬಂದವರು ಇಲ್ಲಿಂದ ಶುರು ಮಾಡಬಹುದು ಅಂತ.

ಮೊದಲು ‘ಸಹಾಯ ಬೇಕಾಗಿದೆ’ ಅಂತ ಹಾಕಿದೆವು. ಒಬ್ಬ ಮೇಷ್ಟ್ರು ಓದಿ, ದೂರು ಬರೆದವರಿಗೇ ಸಹಾಯ ಬೇಕು ಅಂದುಕೊಂಡರು. ತಂತ್ರಾಂಶ ಹೇಗೆ ಬಳಸಬೇಕು ಅಂತ ಪಾಪ ಉದ್ದಕ್ಕೆ ಉತ್ತರ ಬರೆದರು. ತಪ್ಪು ಅವರದಲ್ಲ. ಸಹಾಯ ಬೇಕು ಅಂದರೆ ಯಾರಿಗೆ ಅನ್ನುವುದು ಆ ಮಾತಿನಲ್ಲಿ ಇಲ್ಲವೇ ಇಲ್ಲ. ‘ಕೈಜೋಡಿಸಿ’ ಪರವಾಗಿಲ್ಲ, ಆದರೆ ಕೈಮುಗಿಯುವುದಕ್ಕೂ ಅದೇ ಮಾತು. ಹುಬ್ಬಳ್ಳಿ ಕಡೆಯ ಗೆಳತಿ ‘ಕೈ ಹಚ್ಚಿ’ ಅಂದಳು. ನನಗೆ ಅದು ತುಂಬ ಹಿಡಿಸಿತು.

ಎರಡನೆಯದು ಇನ್ನೂ ಕಷ್ಟ. ‘ಒಳ್ಳೆಯ ಮೊದಲ ಸಮಸ್ಯೆ’ ಕನ್ನಡವೇ ಅಲ್ಲ. ಇಶ್ಯೂ ಅಂದರೆ ಇಲ್ಲಿ ತೊಂದರೆಯೂ ಇರಬಹುದು, ಬೇಡಿಕೆಯೂ ಇರಬಹುದು. ‘ಕೆಲಸ’ ಅಂದರೆ ಸಾಕು ಅಲ್ವಾ? ಕೆಡಿಇ ಅನ್ನುವ ಮುಕ್ತ ತಂತ್ರಾಂಶ ತಂಡದವರೂ ‘ಜೂನಿಯರ್ ಜಾಬ್ಸ್’ ಅಂತಲೇ ಕರೆದಿದ್ದರು.

‘ಸುಲಭ’ ಅಂತ ಹಾಕಿ ಅಂದವರು ಜಾಸ್ತಿ. ಜಾಲತಾಣ ಕಟ್ಟಲು ಬಳಸುವ ಜ್ಯಾಂಗೋದಲ್ಲಿ ‘ಈಸಿ ಪಿಕಿಂಗ್ಸ್’, ಕಚೇರಿ ಕೆಲಸದ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ‘ಈಸಿ ಹ್ಯಾಕ್ಸ್’ ಇವೆ, ನಿಜ. ಆದರೂ ನನಗೆ ಆ ಪದ ಬೇಡ. ಸುಲಭ ಯಾರಿಗೆ? ಆ ಕೋಡನ್ನು ಬರೆದವರಿಗೆ. ‘ಸುಲಭ’ ಅಂತ ಬರೆದಿದ್ದನ್ನು ಎರಡು ರಾತ್ರಿ ಕೂತರೂ ಮುಗಿಸಲಾಗದ ಹುಡುಗಿ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಲಿಬ್ರೆಆಫೀಸ್‌ನವರಿಗೆ ಇದು ಗೊತ್ತಿರಬೇಕು. ಅವರ ಈಸಿ ಹ್ಯಾಕ್‌ಗಳಲ್ಲೇ ಮೂರು ಮಟ್ಟಗಳಿವೆ. ಎಲ್ಲಕ್ಕಿಂತ ಮೇಲಿನದನ್ನು ‘ಕಷ್ಟ’ ಅನ್ನದೆ ‘ಇಂಟರೆಸ್ಟಿಂಗ್’ ಅಂದಿದ್ದಾರೆ. ಎಷ್ಟು ಚೆನ್ನಾಗಿದೆ!

ನನ್ನ ಮನಸ್ಸು ‘ಕೈ ಪಳಗಿಸಲು’ ಅನ್ನುವುದರ ಮೇಲಿದೆ. ಹೊಲಿಗೆಗೆ, ಅಡುಗೆಗೆ, ಮರಗೆಲಸಕ್ಕೆ ನಾವು ಹೇಳುವ ಮಾತೇ. ಕೆಲಸ ಸುಲಭವೋ ಕಷ್ಟವೋ ಅಂತ ಅದು ತೂಗುವುದಿಲ್ಲ. ಮೊದಲ ಸಲ ತಪ್ಪಾದರೂ ನಡೆಯುತ್ತದೆ ಅನ್ನುವ ಧೈರ್ಯವೂ ಅದರಲ್ಲಿದೆ. ‘ಹೊಸಬರಿಗೆ’ ಅಂದರೆ ಇನ್ನೂ ಸ್ಪಷ್ಟ ಅಂತ ತಂಡದ ಇನ್ನೊಬ್ಬರ ವಾದ. ಗ್ನೋಮ್ ಅನ್ನುವ ಇನ್ನೊಂದು ಮುಕ್ತ ತಂತ್ರಾಂಶದಲ್ಲೂ ‘ನ್ಯೂಕಮರ್ಸ್’ ಅಂತಲೇ ಇದೆ. ಆದರೆ ಮೂರನೇ ಸಲ ಬಂದವರು ತಾವು ಹೊಸಬರಲ್ಲ ಅಂತ ಸುಮ್ನೆ ಮುಂದೆ ಹೋಗಿಬಿಡಬಹುದು.

ಇನ್ನೊಂದು ತೊಡಕು. ಹೊಸಬರಿಗೆ ಕೆಲಸ ತೋರಿಸಲು ಗಿಟ್‌ಹಬ್ ಆ ಇಂಗ್ಲಿಷ್ ಲೇಬಲ್ಲನ್ನೇ ನೋಡುತ್ತದೆ. ಹಾಗಾಗಿ ಹೆಸರನ್ನು ಹಾಗೇ ಬಿಟ್ಟು, ಕೆಳಗಿನ ವಿವರಣೆಯಲ್ಲಿ ಕನ್ನಡ ಹಾಕುವ ಯೋಚನೆ ಇದೆ. ಅಲ್ಲಿ 100 ಕ್ಯಾರೆಕ್ಟರ್ ಮಾತ್ರ. ನಮ್ಮ ಗುಣಿತ, ಒತ್ತುಗಳೆಲ್ಲ ಬೇರೆಬೇರೆ ಎಣಿಕೆ, ‘ಸ್ತ್ರೀ’ ಒಂದಕ್ಕೇ 6 ಬೇಕು. ಅದಕ್ಕೇ ಚಿಕ್ಕ ಮಾತು ಹುಡುಕುತ್ತಿದ್ದೇನೆ.

‘ಕೈ ಹಚ್ಚಿ’ ಅಂದರೆ ಮೈಸೂರು, ಮಂಗಳೂರು ಕಡೆಯವರಿಗೆ ಏನು ಹೊಳೆಯುತ್ತದೆ? ನಿಮ್ಮೂರಲ್ಲಿ ಗ್ಯಾರೇಜಿಗೋ ಮಗ್ಗಕ್ಕೋ ಹೊಸದಾಗಿ ಸೇರಿದ ಹುಡುಗರಿಗೆ ಕೊಡುವ ಮೊದಲ ಕೆಲಸಕ್ಕೆ ಏನಾದರೂ ಹೆಸರಿದೆಯೇ?