ತಮ್ಮ ಏರ್ ಡಿಫೆನ್ಸ್‌ನಲ್ಲಿದ್ದಾನೆ, ಮದುವೆ ಯಾವ ತಿಂಗಳು ಇಟ್ಟುಕೊಳ್ಳಲಿ?

ಕೇಳುತ್ತಿರುವುದು ಪೊನ್ನಂಪೇಟೆಯಿಂದ:
ನನ್ನ ತಮ್ಮ ಅಗ್ನಿವೀರ. ಟ್ರೇನಿಂಗ್ ಮುಗಿಸಿ ಏರ್ ಡಿಫೆನ್ಸ್ ರೆಜಿಮೆಂಟ್ (ಶತ್ರು ವಿಮಾನ ಹೊಡೆದುರುಳಿಸುವ ಸೈನ್ಯದ ಪಡೆ) ಸೇರಿ ಆರು ತಿಂಗಳಾಯಿತು. ಈಗ ನನ್ನ ಮದುವೆ ಗೊತ್ತಾಗಿದೆ. ಗಂಡಿನ ಕಡೆಯವರು ಪುತ್ತರಿ ಕಳೆದ ಮೇಲೆ ಡಿಸೆಂಬರ್‌ನಲ್ಲಿ ಇಟ್ಟುಕೊಳ್ಳೋಣ ಅನ್ನುತ್ತಾರೆ. ತಮ್ಮನನ್ನು ಕೇಳಿದರೆ "ಚಳಿಗಾಲದ್ದು ಹೇಳಕ್ಕಾಗಲ್ಲ ಅಕ್ಕ" ಎನ್ನುತ್ತಾನೆ. ನಡುನಡುವೆ ವಾರಗಟ್ಟಲೆ ಫೋನ್ ಸ್ವಿಚ್ ಆಫ್. ಅಮ್ಮ ಟಿವಿ ನೋಡಿ ನೋಡಿ ಹೆದರಿದ್ದಾರೆ. ಯುದ್ಧ ಇಲ್ಲದಾಗ ಇವರಿಗೆ ವರ್ಷವಿಡೀ ಏನು ಕೆಲಸ? ಯಾವಾಗ ರಜೆ ಕೇಳಿದರೆ ಸಿಗುತ್ತದೆ? ಗೊತ್ತಿದ್ದವರು ಹೇಳಿ.

ನಿವೃತ್ತ ಹವಾಲ್ದಾರ್, ಸೋಮವಾರಪೇಟೆ:
ಮೊದಲು ಅಮ್ಮನಿಗೆ ಧೈರ್ಯ ಹೇಳು ತಂಗಿ. ಫೋನ್ ಆಫ್ ಇದೆ ಅಂದರೆ ಹುಡುಗ ಎಲ್ಲೋ ಮರಳಲ್ಲಿ ಗುಂಡಿ ತೋಡುತ್ತಿದ್ದಾನೆ ಅಂತ ಲೆಕ್ಕ. ನಾನು 17 ವರ್ಷ ವಿಮಾನ ಹೊಡೆಯುವ ಎಲ್-70 ಗನ್ನಿನ ಮೇಲೆ ಇದ್ದವ. ಅದರಲ್ಲಿ ತೋಡಿದ್ದೇ ಜಾಸ್ತಿ.

ಬೇಸಿಗೆ, ಮಳೆಗಾಲ ಹೆಚ್ಚಾಗಿ ಯೂನಿಟ್‌ನಲ್ಲೇ ಕಳೆಯುತ್ತಿತ್ತು. ಬೆಳಿಗ್ಗೆ ಪಿಟಿ, ಆಮೇಲೆ ಗನ್ ಡ್ರಿಲ್. ಮತ್ತೆ ಬ್ಯಾರಲ್ ಒರೆಸು, ಗ್ರೀಸ್ ಹಚ್ಚು. ಮಧ್ಯಾಹ್ನ ಕ್ಲಾಸ್. ಅದರಲ್ಲಿ ವಿಮಾನ ಗುರುತಿಸುವ ಪಾಠ ಒಂದಿದೆ. ಕಪ್ಪು ನೆರಳಿನಂಥ ಚಿತ್ರ ಒಂದು ಕ್ಷಣ ತೋರಿಸಿ ತೆಗೆಯುತ್ತಾರೆ. ನಮ್ಮದಾ, ಅವರದಾ, ಹೇಳಬೇಕು. ತಮಾಷೆ ಅಲ್ಲ. ನಮ್ಮದೇ ವಿಮಾನಕ್ಕೆ ಹೊಡೆದರೆ ಯಾರಿಗೆ ಮುಖ ತೋರಿಸುವುದು?

ಆಮೇಲೆ ಫೈರಿಂಗ್. ಒಡಿಶಾದ ಗೋಪಾಲಪುರದಲ್ಲಿ ಸೈನ್ಯದ ಏರ್ ಡಿಫೆನ್ಸ್ ಕಾಲೇಜು ಇದೆ. ಅಲ್ಲಿ ಕಡಲಿನ ಕಡೆಗೆ ಗುಂಡು ಹೊಡೆಸುತ್ತಾರೆ. ಪೈಲಟ್ ಇಲ್ಲದ ಸಣ್ಣ ವಿಮಾನ ಹಾರಿಸಿ ಅದೇ ಗುರಿ. ನಾವು ಕೊಡಗಿನವರು ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವರು ಅಂತ ನನಗೆ ಸ್ವಲ್ಪ ಜಂಬ ಇತ್ತು. ಆದರೆ ತೆಂಗಿನಕಾಯಿ ಕದಲದೆ ಕೂತಿರುತ್ತದೆ, ಅಲ್ವಾ? ಜೆಟ್ ವಿಮಾನ ಗಂಟೆಗೆ 900 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ 250 ಮೀಟರ್ ಹೋಗುತ್ತದೆ. ನಮ್ಮ ಗುಂಡು 3 ಕಿ.ಮೀ. ದೂರ ಮುಟ್ಟಲು ನಾಲ್ಕು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಅದು 1 ಕಿ.ಮೀ. ಮುಂದೆ ಹೋಗಿರುತ್ತದೆ. ಅಂದರೆ ವಿಮಾನ ಇಲ್ಲದ ಖಾಲಿ ಆಕಾಶಕ್ಕೆ ಹೊಡೆಯಬೇಕು. ಆ ಲೆಕ್ಕ ಹಾಕಿಕೊಡುವುದು ರೇಡಾರ್. ಲೆಕ್ಕ ಸರಿ ಇದ್ದರೂ ಗುಂಡು ತುಂಬುವ ಹುಡುಗ ಒಂದು ಗಳಿಗೆ ತಡಮಾಡಿದರೆ ಮುಗಿಯಿತು. ವರ್ಷವಿಡೀ ಡ್ರಿಲ್ ಮಾಡಿಸುವುದು ಅದಕ್ಕೇ. ನಿಜವಾಗಿ ಗುಂಡು ಹಾರುವ ಹೊತ್ತು ಲೆಕ್ಕ ಹಾಕಿದರೆ ನಿಮಿಷಗಳಷ್ಟೇ. ಕಡಲಲ್ಲಿ ಒಂದು ದೋಣಿ ಕಂಡರೂ ನಿಲ್ಲಿಸಿ ಕೂರಬೇಕು.

ಚಳಿಗಾಲ ಬಂತೆಂದರೆ ಎಕ್ಸರ್‌ಸೈಜ್, ಅಂದರೆ ಯುದ್ಧದ ಅಭ್ಯಾಸ. ರಾಜಸ್ಥಾನದ ಮಹಾಜನ್ ಕಡೆ ಟ್ಯಾಂಕು, ಕಾಲಾಳು ಎಲ್ಲರ ಜೊತೆ ಹೋಗಿದ್ದೇವೆ. ಗನ್ ಇಳಿಸು, ಅದಕ್ಕೆ ಗುಂಡಿ ತೋಡು, ಮೇಲಿಂದ ಕಾಣದ ಹಾಗೆ ಬಲೆ ಹೊದಿಸು. ಇನ್ನೇನು ಕಣ್ಣು ಮುಚ್ಚಬೇಕು, ಜಾಗ ಬದಲಿಸಲು ಆರ್ಡರ್. ಮತ್ತೆ ತೋಡು. ತೋಟದಲ್ಲಿ ಗುಂಡಿ ತೆಗೆಯುವವರು ಪುಣ್ಯವಂತರು, ನೆರಳಾದರೂ ಇರುತ್ತದೆ. ಡಿಸೆಂಬರ್ ಬೇಡ ಅನ್ನುವುದು ಅದಕ್ಕೇ.

ನಮ್ಮ ಕಾಲದಲ್ಲಿ ವರ್ಷಕ್ಕೆ 60 ದಿನ ಎ.ಎಲ್. (ವಾರ್ಷಿಕ ರಜೆ), 30 ದಿನ ಸಿ.ಎಲ್. (ಸಾಂದರ್ಭಿಕ ರಜೆ) ಇತ್ತು. ಅಗ್ನಿವೀರರಿಗೆ 30 ದಿನ ಅಷ್ಟೇ. ಒಂದು ಬ್ಯಾಟರಿಯಿಂದ, ಅಂದರೆ ರೆಜಿಮೆಂಟಿನ ಒಂದು ತುಕಡಿಯಿಂದ, ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ, ಸರದಿ ಇರುತ್ತದೆ. ಮಾರ್ಚ್ ಕೊನೆ ಅಥವಾ ಏಪ್ರಿಲ್ ನೋಡಿ. ಕಾಫಿ ಕೊಯ್ಲೂ ಮುಗಿದಿರುತ್ತದೆ.

ಯೋಧನ ಹೆಂಡತಿ, ಕುಶಾಲನಗರ:
ಹವಾಲ್ದಾರ್ ಮಾವ ಒಂದು ಹೇಳಲಿಲ್ಲ, ಕಿವಿ! ನಮ್ಮೆಜಮಾನರಿಗೆ ಎಡಗಿವಿ ಮಂದ. ಶುರುವಿನ ವರ್ಷಗಳಲ್ಲಿ "ಏನಾಗಲ್ಲ" ಅಂತ ಇಯರ್ ಪ್ಲಗ್ ಹಾಕದೇ ಗನ್ ಹತ್ತಿರ ನಿಂತರಂತೆ. ಈಗ ನಾನು ಅಡುಗೆಮನೆಯಿಂದ ಕೂಗಿದರೆ ಕೇಳಿಸಲ್ಲ. (ಕೆಲವು ಸಲ ಬೇಕಂತಲೇ ಅಂತ ನನ್ನ ಅನುಮಾನ.) ತಮ್ಮನಿಗೆ ಈಗಲೇ ಹೇಳಿ.

ಇನ್ನೊಂದು, ರಜೆಯಲ್ಲಿ ಓಡಾಟದ ದಿನ ಲೆಕ್ಕ ಹಿಡಿಯಿರಿ. ನಮ್ಮ ಜಿಲ್ಲೆಗೆ ರೈಲೇ ಇಲ್ಲ. ಮೈಸೂರಲ್ಲಿ ಇಳಿದು ಬಸ್ ಹಿಡಿಯಬೇಕು. ಅವರು ರಾಜಸ್ಥಾನದಲ್ಲಿದ್ದಾಗ ನನ್ನ ನಾದಿನಿ ಮದುವೆಗೆ ಬಂದದ್ದು ಮುಹೂರ್ತ ಮುಗಿದ ಮೇಲೆ. ಊಟಕ್ಕೆ ಸಿಕ್ಕಿದರು ಅಷ್ಟೇ. ಮದುವೆಗೆ ನಾಲ್ಕು ದಿನ ಮೊದಲೇ ಊರಲ್ಲಿರುವ ಹಾಗೆ ಕೇಳಲಿ. ಮದುವೆ ಕಾಗದ ಅಚ್ಚಾದ ಕೂಡಲೇ ಒಂದು ಕಳಿಸಿ, ಅರ್ಜಿ ಜೊತೆ ಇಡಲು ಬೇಕಾಗುತ್ತದೆ.

ಯೋಧನ ತಂದೆ, ವಿರಾಜಪೇಟೆ:
ದಯವಿಟ್ಟು ಯಾರೂ ಯೂನಿಟ್ ನಂಬರ್, ಈಗ ಎಲ್ಲಿದ್ದಾರೆ ಅನ್ನುವುದನ್ನು ಇಲ್ಲಿ ಬರೆಯಬೇಡಿ. ಹವಾಲ್ದಾರರು ಹೇಳಿದ್ದು ಹಳೇ ಮಾತು, ಪರವಾಗಿಲ್ಲ. ಆದರೆ "ನನ್ನ ಮಗ ನಾಳೆ ಇಂಥ ಕಡೆ ಹೊರಟ" ಅಂತ ಸ್ಟೇಟಸ್ ಹಾಕುವವರನ್ನು ನೋಡಿದ್ದೇನೆ.

ತಾಯಿಗೆ ಒಂದು ಮಾತು. 1960ರ ದಶಕದಲ್ಲಿ ಬಂದ ಎಲ್-70 ಗನ್ನು 2025ರ ಮೇ ತಿಂಗಳಲ್ಲಿ ಡ್ರೋನ್‌ಗಳನ್ನು ಕೆಡವಿತು. ಆಗ ನನ್ನ ಹೆಂಡತಿಯೂ ರಾತ್ರಿ ಟಿವಿ ಆರಿಸಲಿಲ್ಲ. ಮಗ ಆಮೇಲೆ ಫೋನ್ ಮಾಡಿ ಕೇಳಿದ್ದು, ಕರಿಮೆಣಸಿಗೆ ಈಗ ಎಷ್ಟು ರೇಟು ಅಂತ.

ಪೊನ್ನಂಪೇಟೆಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಂಡಿನ ಕಡೆಯವರ ಹತ್ತಿರ ಅಪ್ಪ ಮಾತಾಡಿದರು. ಅವರ ತೋಟದಲ್ಲೂ ಡಿಸೆಂಬರ್‌ನಲ್ಲಿ ಕೊಯ್ಲಿಗೆ ಜನ ಸಿಗುವುದಿಲ್ಲವಂತೆ, ಬೇಗ ಒಪ್ಪಿದರು. ಏಪ್ರಿಲ್‌ನಲ್ಲಿ ಎರಡು ದಿನ ನೋಡಿ ತಮ್ಮನಿಗೆ ಮೆಸೇಜ್ ಹಾಕಿದ್ದೇನೆ, ಇಯರ್ ಪ್ಲಗ್ ವಿಷಯವನ್ನೂ ಸೇರಿಸಿ. ಇನ್ನೂ ಒಂದೇ ಟಿಕ್ ಇದೆ. ತೋಡುತ್ತಿದ್ದಾನೆ ಅಂತ ಅಮ್ಮನಿಗೆ ಹೇಳಿದೆ.